ಇಟಲಿಯ ಬಟ್ಟೆ ಅಂಗಡಿಯಲ್ಲಿ ಏನಂತ ಕೇಳೋದು? ಅನುಭವ ಇರೋರು ಹೇಳಿ

ಪ್ರಶ್ನೆ: ಜನವರಿಯಲ್ಲಿ ಅಪ್ಪ ಅಮ್ಮನ ಜೊತೆ ಮಿಲಾನ್, ಫ್ಲಾರೆನ್ಸ್‌ಗೆ ಹೋಗ್ತಿದೀನಿ. ಅಪ್ಪನಿಗೊಂದು ಕೋಟು, ಅಮ್ಮನಿಗೆ ಉಣ್ಣೆ ಸ್ವೆಟರ್ ಕೊಡಿಸೋ ಆಸೆ. ಅಂಗಡಿಯಲ್ಲಿ ಬೇಕಾಗೋ ಮಾತುಗಳನ್ನ ಹೇಳಿಕೊಡ್ತೀರಾ?

ಟೊರಿನೊದಲ್ಲಿ ಓದುತ್ತಿರುವವರು: ಒಳಗೆ ಕಾಲಿಟ್ಟ ಕೂಡಲೇ ‘ಬ್ವೊಂಜೋರ್ನೊ’ ಅನ್ನಿ, ಸಂಜೆಯಾದರೆ ‘ಬ್ವೊನಸೇರಾ’. ಚಿಕ್ಕ ಅಂಗಡಿಗಳಲ್ಲಿ ಇದು ಬಹಳ ಮುಖ್ಯ. ಮಾತೇ ಆಡದೆ ನೇರ ಬಟ್ಟೆಗೆ ಕೈ ಹಾಕಿದ್ರೆ ಅವರಿಗೆ ಬೇಸರ. ಸುಮ್ಮನೆ ನೋಡೋಕೆ ಬಂದಿದ್ರೆ ‘ಸ್ತೊ ಸೋಲೊ ಗ್ವಾರ್ದಾಂದೊ, ಗ್ರಾತ್ಸ್ಯೆ’ ಅಂದ್ರೆ ಸಾಕು, ಹಿಂದೆ ಬರಲ್ಲ. ಹಾಕಿ ನೋಡ್ಲಾ ಅಂತ ಕೇಳೋಕೆ ‘ಪೊಸ್ಸೊ ಪ್ರೊವಾರ್ಲೊ?’ ಟ್ರಯಲ್ ರೂಮಿಗೆ ‘ಕಮೆರೀನೊ’. ಬೆಲೆಗೆ ‘ಕ್ವಾಂತೊ ಕೊಸ್ತಾ?’ ಉಚ್ಚಾರಕ್ಕೆ ಹೆದರಬೇಡಿ. ಅವರ ತ, ದ ನಮ್ಮವೇ, ಒತ್ತಕ್ಷರವನ್ನೂ ನಮ್ಮ ಹಾಗೇ ಒತ್ತಿ ಹೇಳ್ತಾರೆ. ಕನ್ನಡದಲ್ಲಿ ಬರೆದಿಟ್ಕೊಂಡು ಧೈರ್ಯವಾಗಿ ಓದಿ.

ಟೈಲರಿಂಗ್ ಗೊತ್ತಿರುವವರು: ಸೈಜಿಗೆ ‘ತಾಲ್ಯಾ’ ಅಂತಾರೆ. ಗಂಡಸರ ಕೋಟಿಗೆ ಎದೆಯ ಇಂಚಿಗೆ 10 ಸೇರಿಸಿ: 40 ಇದ್ರೆ 50, ಅಂದ್ರೆ ‘ಚಿಂಕ್ವಾಂತಾ’. ಅಪ್ಪನ ಅಳತೆ ಮನೇಲೇ ತೆಗೆದುಕೊಂಡು ಹೋಗಿ. ಹೆಂಗಸರ ಉಡುಪಿನಲ್ಲಿ ಇಟಲಿಯ 42 ಅಂದ್ರೆ ಫ್ರಾನ್ಸಿನ 38, ಜರ್ಮನಿಯ 36. ಬಟ್ಟೆಯ ಒಂದೇ ಲೇಬಲ್ ಪಟ್ಟಿಯಲ್ಲಿ ಮೂರೂ ಇರಬಹುದು, ಯಾವ ದೇಶದ್ದು ಅಂತ ನೋಡಿ. ಕೋಟು ಬಿಗಿಯಾದ್ರೆ ‘ಎ ಸ್ತ್ರೆತ್ತಾ’, ದೊಗಲೆಯಾದ್ರೆ ‘ಎ ಲಾರ್ಗಾ’. ಒಂದು ಸೈಜ್ ದೊಡ್ಡದು ಕೇಳೋಕೆ ‘ಊನಾ ತಾಲ್ಯಾ ಪ್ಯೂ ಗ್ರಾಂದೆ’.

ಅಮ್ಮನ ಸ್ವೆಟರ್ ಬಗ್ಗೆ ಒಂದು ಮಾತು. ಒಳಗಡೆ ಪಕ್ಕದ ಹೊಲಿಗೆಯಲ್ಲಿರೋ ಪಟ್ಟಿ ತಿರುಗಿಸಿ ಓದಿ. ‘100% ಲಾನಾ’ ಇದ್ರೆ ಪೂರ್ತಿ ಉಣ್ಣೆ. ‘ಮಿಸ್ತೊ ಲಾನಾ’ ಅಂದ್ರೆ ಬೆರಕೆ. ‘ಅಕ್ರೀಲಿಕೊ’, ಅಂದ್ರೆ ಕೃತಕ ನೂಲು, ಎಷ್ಟಿದೆ ಅಂತ ಶೇಕಡಾ ನೋಡದೆ ದುಡ್ಡು ಕೊಡಬೇಡಿ. ಹತ್ತಿ ‘ಕೊತೋನೆ’, ರೇಷ್ಮೆ ‘ಸೇತಾ’.

ಇನ್ನೊಬ್ಬರು: ಜನವರಿ ಒಳ್ಳೇ ಸಮಯ. ತಿಂಗಳ ಮೊದಲ ವಾರದಲ್ಲೇ ‘ಸಾಲ್ದಿ’ ಶುರು, ಅದೇ ಚಳಿಗಾಲದ ರಿಯಾಯಿತಿ ಮಾರಾಟ. ಸಣ್ಣ ಅಂಗಡಿಗಳು ಮಧ್ಯಾಹ್ನ ಊಟಕ್ಕೆ ಮುಚ್ಚಬಹುದು, ನೋಡ್ಕೊಂಡು ಹೋಗಿ. ಬಿಲ್ಲಿಗೆ ‘ಸ್ಕೊಂತ್ರೀನೊ’, ಜೋಪಾನ. ದೋಷ ಇಲ್ಲದ ಬಟ್ಟೆಯನ್ನ ಬದಲಿಸಿಕೊಡಲೇಬೇಕು ಅಂತ ಅಲ್ಲಿ ಕಾನೂನಿಲ್ಲ, ಅಂಗಡಿಯವರ ಇಷ್ಟ. ಅದಕ್ಕೇ ದುಡ್ಡು ಕೊಡೋ ಮುಂಚೆ ‘ಪೊಸ್ಸೊ ಕಂಬ್ಯಾರ್ಲೊ?’ ಅಂತ ಕೇಳಿ.

ಮತ್ತೊಬ್ಬರು: ಪಾಸ್‌ಪೋರ್ಟ್ ಜೊತೆಗಿರಲಿ. ಭಾರತದಿಂದ ಪ್ರವಾಸಕ್ಕೆ ಹೋದವರು ಒಂದೇ ಅಂಗಡಿಯಲ್ಲಿ 70 ಯೂರೊಗಿಂತ ಹೆಚ್ಚು ಖರೀದಿಸಿದ್ರೆ ತೆರಿಗೆ ವಾಪಸ್ ಕೇಳಬಹುದು. ‘ಟ್ಯಾಕ್ಸ್ ಫ್ರೀ’ ಅಂದ್ರೇ ಅರ್ಥವಾಗುತ್ತೆ. ಎಲ್ಲ ಅಂಗಡಿಯಲ್ಲೂ ಈ ಸೌಲಭ್ಯ ಇರಲ್ಲ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಬಟ್ಟೆ ತೋರಿಸಿ ಅನ್ನಬಹುದು, ಸೂಟ್‌ಕೇಸನ್ನ ಚೆಕ್-ಇನ್‌ಗೆ ಕೊಡೋ ಮುಂಚೆಯೇ ಆ ಕೆಲಸ ಮುಗಿಸಿಕೊಳ್ಳಿ.