‘ಫೇರ್ ಯೂಸ್’ಗೆ ಕನ್ನಡ ಪದ ಬೇಕು, ನಾಳೆ ಬೆಳಿಗ್ಗೆಯೊಳಗೆ

ಧಾರವಾಡದ ಅನುವಾದಕಿ, ಸಂಜೆ 4.10

ಬಳಗದ ಎಲ್ಲರಿಗೂ ನಮಸ್ಕಾರ. ಈ ಶನಿವಾರ ಇಲ್ಲಿ ಸಾಕ್ಷ್ಯಚಿತ್ರ ಮಾಡುವ ಹುಡುಗ ಹುಡುಗಿಯರಿಗೆ ಎರಡು ದಿನದ ಶಿಬಿರ ಇದೆ. ಪೌರಕಾರ್ಮಿಕರು, ಬತ್ತಿದ ಕೆರೆ, ಶಾಲೆ ಬಿಟ್ಟ ಮಕ್ಕಳು, ಇಂಥ ವಿಷಯ ಹಿಡಿದು ಚಿತ್ರ ಮಾಡುತ್ತಿರುವವರು. ಅವರ ಕೈಗೆ ಕೊಡಲು ನಾಲ್ಕು ಪುಟದ ಕೈಪಿಡಿ ಅನುವಾದಿಸುತ್ತಿದ್ದೇನೆ. ಗೋಡೆಗೆ ಒಂದು ಬ್ಯಾನರ್ ಕೂಡ ಬೇಕಂತೆ. ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿ ಬರಬೇಕಾದ ಪದವೇ ಸಿಗುತ್ತಿಲ್ಲ: ಫೇರ್ ಯೂಸ್.

ಅರ್ಥ ಇಷ್ಟು. ಬೇರೆಯವರ ಹಾಡು, ಸಿನಿಮಾ ತುಣುಕು, ಹಳೇ ಫೋಟೋ ಇವನ್ನು ಮಾಲೀಕರನ್ನು ಕೇಳದೆ, ದುಡ್ಡೂ ಕೊಡದೆ, ಆದರೆ ಕಾನೂನು ಬಿಟ್ಟುಕೊಟ್ಟಿರುವ ಮಿತಿಯೊಳಗೆ ಬಳಸೋದು.

ನನಗೆ ಹೊಳೆದ ಪದಗಳೆಲ್ಲ ಕೈ ಕೊಟ್ಟಿವೆ. ‘ಸದ್ಬಳಕೆ’ ಅಂದರೆ ಬೇಸಿಗೆ ರಜೆಯ ಸದ್ಬಳಕೆ ಅಂದಹಾಗಿರುತ್ತೆ. ‘ಒಪ್ಪಿತ ಬಳಕೆ’ ಅಂದರೆ ಯಾರೋ ಒಪ್ಪಿಗೆ ಕೊಟ್ಟಿದ್ದಾರೆ ಅಂತಾಗುತ್ತೆ. ಇಲ್ಲಿ ಒಪ್ಪಿಗೆ ಕೇಳುವ ಮಾತೇ ಇಲ್ಲ. ‘ನ್ಯಾಯಸಮ್ಮತ ಉಪಯೋಗ’ ಬ್ಯಾನರಿನಲ್ಲೂ ಹಿಡಿಸಲ್ಲ, ಬಾಯಲ್ಲೂ ಹಿಡಿಸಲ್ಲ. ‘ನ್ಯಾಯಬಳಕೆ’ ಅಂತ ಬರೆದು, ಯಾಕೋ ಅನುಮಾನ ಬಂದು ಅಳಿಸಿದೆ.

ಬೆಳಿಗ್ಗೆ 10ಕ್ಕೆ ಪ್ರೆಸ್ಸಿಗೆ ಕೊಡಬೇಕು. ದಯವಿಟ್ಟು ಬೇಗ ಹೇಳಿ.

ಕಾಗುಣಿತ ಮೇಷ್ಟ್ರು, 4.32

ನ್ಯಾಯಬಳಕೆ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ತಪ್ಪು ಸಮಾಸ. ಅಳಿಸಿದ್ದು ಒಳ್ಳೇದಾಯಿತು.

ಮಂಡ್ಯದವ, 4.40

ಬಿಟ್ಟಿ ಬಳಕೆ ಅನ್ನಿ ಮೇಡಂ. ಒಂದೇ ಸಲಕ್ಕೆ ಎಲ್ಲರಿಗೂ ಗೊತ್ತಾಗುತ್ತೆ.

ಧಾರವಾಡದ ಅನುವಾದಕಿ, 4.44

ಬಿಟ್ಟಿ ಅಲ್ಲ ಸರ್. ‘ಇದು ಬಿಟ್ಟಿ, ಕಳ್ಳತನ’ ಅಂತ ಹೆದರಿ ಹುಡುಗರು ಒಳ್ಳೊಳ್ಳೆ ದೃಶ್ಯ ಕತ್ತರಿಸಿ ಎಸೆಯುತ್ತಿದ್ದಾರೆ. ಆ ಹೆದರಿಕೆ ಹೋಗಲಿ ಅಂತಲೇ ಈ ಶಿಬಿರ.

ಅಚ್ಚಗನ್ನಡಿಗ, 5.15

ಸದ್ಬಳಕೆ, ನ್ಯಾಯಸಮ್ಮತ, ಉಪಯೋಗ: ಎಲ್ಲ ಸಂಸ್ಕ್ರುತ. ನಮ್ಮಲ್ಲಿ ಪದ ಇಲ್ಲವೇ? ‘ಹದಬಳಕೆ’ ಎನ್ನಿ.

‘ಹದ’ ಎಂತಹ ಪದ ನೋಡಿ. ಹಳಗನ್ನಡದಲ್ಲಿ ‘ಪದ’. ತಮಿಳಿನಲ್ಲಿ ಇಂದಿಗೂ ‘ಪದಂ’ ಇದೆ, ಮಾಗಿದ, ಪಾಕಕ್ಕೆ ಬಂದ ಎಂಬ ಅರ್ತದಲ್ಲಿ. ನಮ್ಮಲ್ಲಿ ‘ಪ’ ಹೋಗಿ ‘ಹ’ ಆಯಿತು, ಪಾಲು ಹಾಲಾದ ಹಾಗೆ. ಹದುಳ, ಹದನ ಎಲ್ಲವೂ ಅದರ ನೆಂಟರೇ. ಮಾತು ಎಂಬ ಅರ್ತದ ‘ಪದ’ ಸಂಸ್ಕ್ರುತದ್ದು, ಹದದ ಹಿಂದಿರುವ ‘ಪದ’ ನಮ್ಮದು. ಎರಡನ್ನೂ ಬೆರೆಸಬೇಡಿ. ಇಶ್ಟು, ಇದಕ್ಕಿಂತ ಹೆಚ್ಚಲ್ಲ ಎಂಬುದೇ ಹದ. ನಿಮಗೆ ಬೇಕಾದ್ದೂ ಅದೇ ತಾನೇ?

ಕಾಗುಣಿತ ಮೇಷ್ಟ್ರು, 5.21

ಮೊದಲು ನಿಮ್ಮ ಮಹಾಪ್ರಾಣ ಎಲ್ಲಿ ಬಿದ್ದುಹೋಯಿತು ಹುಡುಕಿಕೊಂಡು ಬನ್ನಿ. ಆಮೇಲೆ ವ್ಯುತ್ಪತ್ತಿ ಹೇಳುವಿರಂತೆ.

ಮಂಡ್ಯದವ, 5.30

ಹದ ಅಂದ್ರೆ ನಮ್ಮೂರಲ್ಲಿ ಹದ ಮಳೆ, ಹದವಾದ ಮುದ್ದೆ. ‘ಹದಬಳಕೆ’ ಅಂತ ಬ್ಯಾನರ್ ಹಾಕಿದರೆ ನೀರು ಉಳಿಸಿ ಅಂತ ಅಂದುಕೊಳ್ತಾರೆ. ಪದ ಚೆನ್ನಾಗಿದೆ, ಸುಳ್ಳು ಹೇಳಲ್ಲ.

ಕೋರ್ಟಿನ ಕಡೆಯವ, 6.50

ಈಗಷ್ಟೇ ಕಚೇರಿಯಿಂದ ಬಂದೆ. ಹದಬಳಕೆ ಬೇಡ. ಪ್ರಮಾಣ ಒಂದೇ ಮುಖ್ಯ ಅನ್ನುವ ತಪ್ಪು ತಿಳಿವಳಿಕೆಯನ್ನು ಆ ಪದವೇ ಬಿತ್ತುತ್ತೆ. ಅಮೆರಿಕದ ಕಾಪಿರೈಟ್ ಕಾನೂನಿನ 107ನೇ ಸೆಕ್ಷನ್ ನಾಲ್ಕು ವಿಷಯ ನೋಡು ಅನ್ನುತ್ತೆ: ಯಾಕೆ ಬಳಸಿದೆ, ಎಂಥ ಕೃತಿ, ಎಷ್ಟು ತೆಗೆದುಕೊಂಡೆ, ಅದರಿಂದ ಮೂಲ ಕೃತಿಯ ಮಾರುಕಟ್ಟೆಗೆ ಪೆಟ್ಟು ಬಿತ್ತಾ. ‘ಎಷ್ಟು’ ಅನ್ನೋದು ನಾಲ್ಕರಲ್ಲಿ ಒಂದು. ಇಡೀ ಫೋಟೋ ಬಳಸಿಯೂ ಗೆಲ್ಲಬಹುದು, ನಾಲ್ಕೇ ಸೆಕೆಂಡು ಬಳಸಿಯೂ ಸೋಲಬಹುದು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮ ದೇಶದಲ್ಲಿ ಫೇರ್ ಯೂಸ್ ಇಲ್ಲ. 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್ ಹೇಳೋದು ಫೇರ್ ಡೀಲಿಂಗ್. ಅಮೆರಿಕದಲ್ಲಿ ಪಟ್ಟಿ ತೆರೆದಿದೆ, ಇಂಥಿಂಥವು ‘ಮುಂತಾದ’ ಉದ್ದೇಶ ಅಂತ. ನಮ್ಮಲ್ಲಿ ಪಟ್ಟಿ ಮುಚ್ಚಿದೆ. ಸಂಶೋಧನೆಯೂ ಸೇರಿದ ಸ್ವಂತದ ಬಳಕೆ, ವಿಮರ್ಶೆ, ಸದ್ಯದ ವಿದ್ಯಮಾನಗಳ ವರದಿ. ಇದರೊಳಗೆ ಬಂದರೆ ಉಂಟು, ಇಲ್ಲದಿದ್ದರೆ 52ರ ಬೇರೆ ಉಪವಿಧಿ ಹುಡುಕಬೇಕು. ಎರಡಕ್ಕೂ ಒಂದೇ ಪದ ಹಾಕಿದರೆ ನಿಮ್ಮ ಹುಡುಗರು ಅಮೆರಿಕದ ಧೈರ್ಯದಲ್ಲಿ ಚಿತ್ರ ಮಾಡಿ ಇಲ್ಲಿಯ ಕೋರ್ಟಿಗೆ ಬರುತ್ತಾರೆ. ನಮ್ಮ ಫೇರ್ ಡೀಲಿಂಗಿಗೆ ನನ್ನ ಸೂಚನೆ ‘ನ್ಯಾಯೋಚಿತ ವ್ಯವಹಾರ’.

ಧಾರವಾಡದ ಅನುವಾದಕಿ, 7.05

ಸರ್, ಇದು ನನಗೆ ನಿಜವಾಗಲೂ ಗೊತ್ತಿರಲಿಲ್ಲ. ಆದರೆ ವ್ಯವಹಾರ ಅಂದ ಕೂಡಲೇ ದುಡ್ಡಿನ ಮಾತು ಬಂತಲ್ವಾ? ‘ಅವರದು ಏನೋ ವ್ಯವಹಾರ ಇದೆ’ ಅಂದರೆ ಒಳ್ಳೇ ಅರ್ಥವೇ ಇರಲ್ಲ.

ಕಾಗುಣಿತ ಮೇಷ್ಟ್ರು, 7.18

ವ್ಯವಹಾರ ಅಂದರೆ ದುಡ್ಡು ಅನ್ನೋದು ಮೊನ್ನೆಯ ಅರ್ಥ. ಧರ್ಮಶಾಸ್ತ್ರದಲ್ಲಿ ವ್ಯವಹಾರ ಅಂದರೆ ದಾವೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ವ್ಯವಹಾರಾಧ್ಯಾಯವೇ ಇದೆ. ಈಗಿನವರಿಗೆ ಗೊತ್ತಿಲ್ಲ ಅಂತ ಪದ ಬಿಡಬೇಕೇ?

ಮಂಡ್ಯದವ, 7.20

ಬಿಡಬೇಕು.

ಅಚ್ಚಗನ್ನಡಿಗ, 7.41

ವಿಜ್ನಾನೇಶ್ವರನ ಕಾಲದ ಬ್ಯಾನರ್ ಅಲ್ಲ ಇದು. ಕಾಪಿರೈಟಿಗೆ ‘ಹಕ್ಕು’ ಎಂಬ ಅಚ್ಚಗನ್ನಡ ಪದ ಇರುವಾಗ ಅದಕ್ಕೆ ‘ಸ್ವಾಮ್ಯ’ ಅಂಟಿಸಿ ಕೆಡಿಸಿದವರು ನೀವೇ ಅಲ್ಲವೇ?

ಕೋರ್ಟಿನ ಕಡೆಯವ, 7.46

ಹಕ್ಕು ಅರಬ್ಬಿ. ವಕೀಲ ಅರಬ್ಬಿ. ದಾವೆ ಅರಬ್ಬಿ. ಇವನ್ನೆಲ್ಲ ಹೊರಗೆ ಹಾಕಿದರೆ ನನಗೆ ನಾಳೆ ಕೆಲಸವಿಲ್ಲ.

ಅಚ್ಚಗನ್ನಡಿಗ, 7.58

ಅರಬ್ಬಿಯಿಂದ ಬಂದರೂ ಹಕ್ಕು ನಮ್ಮ ನಾಲಿಗೆಗೆ ಒಗ್ಗಿದೆ, ಕೊನೆಗೆ ಉಕಾರ ಹಚ್ಚಿಕೊಂಡು ಮನೆಯವನಾಗಿದೆ. ಸಂಸ್ಕ್ರುತ ಹಾಗಲ್ಲ. ಅದು ಬರುವಾಗಲೇ ಸಮಾಸ, ಸಂದಿ, ಒತ್ತು ಎಲ್ಲ ಗಂಟುಕಟ್ಟಿಕೊಂಡು ಬಂದು ನಡುಮನೆಯಲ್ಲಿ ಕೂರುತ್ತದೆ.

ಕಾಗುಣಿತ ಮೇಷ್ಟ್ರು, 8.10

ಅಂದರೆ ಅರಬ್ಬಿಯವನಿಗೆ ಊಟ, ಸಂಸ್ಕೃತದವನಿಗೆ ಬಾಗಿಲು. ಭೇಷ್. ನಾನು ಸಂಸ್ಕೃತ ಬೇಡ ಅಂದವನೂ ಅಲ್ಲ, ಕನ್ನಡ ಬೇಡ ಅಂದವನೂ ಅಲ್ಲ. ಒಂದೇ ಸಮಾಸದಲ್ಲಿ ಎರಡನ್ನೂ ಕಲಸಬೇಡಿ ಅಂದೆ, ಅಷ್ಟೆ. ಕಾಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅಂತ ಕವಿರಾಜಮಾರ್ಗದಲ್ಲೇ ಹೇಳಿಯಾಗಿದೆ. ಹಾಲು ಒಡೆದ ಮೇಲೆ ಬಂದು ನನ್ನನ್ನು ಕೇಳಬೇಡಿ.

ಸನ್ನಿವೇಲ್ ಕನ್ನಡಿಗ, ರಾತ್ರಿ 9.50

ನಿಮಗೆ ರಾತ್ರಿ, ನಮಗೆ ಇಲ್ಲಿ ಅಮೆರಿಕದಲ್ಲಿ ಈಗ ಬೆಳಗಾಯಿತು. ಮೇಡಂ, ನೀವು ಅನುವಾದಿಸುತ್ತಿರೋದು ಅಮೆರಿಕದ ಸಾಕ್ಷ್ಯಚಿತ್ರಕಾರರು ಫೇರ್ ಯೂಸ್ ಬಗ್ಗೆ 2005ರಲ್ಲಿ ಹೊರತಂದ ಹೇಳಿಕೆ ಇರಬೇಕು ಅಂತ ನನ್ನ ಊಹೆ. ಅದರ ಹಿಂದಿನ ಒಂದು ಕಥೆ ಹೇಳಿದರೆ ಪದದ ಅರ್ಥ ಇನ್ನಷ್ಟು ಬಿಗಿಯಾಗಬಹುದು.

ಜಾನ್ ಎಲ್ಸ್ ಅಂತ ಒಬ್ಬ ನಿರ್ದೇಶಕರು. ಸ್ಯಾನ್ ಫ್ರಾನ್ಸಿಸ್ಕೋದ ಒಪೆರಾದಲ್ಲಿ ತೆರೆಯ ಹಿಂದೆ ದುಡಿಯುವವರ ಬಗ್ಗೆ ಚಿತ್ರ ಮಾಡುತ್ತಿದ್ದರು. ಮುಂದೆ ರಂಗದ ಮೇಲೆ ವಾಗ್ನರನ ಒಪೆರಾ ನಡೀತಿದೆ. ಹಿಂದೆ ಕೆಲಸಗಾರರು ಚೆಕ್ಕರ್ಸ್ ಆಡುತ್ತಾ ಕೂತಿದ್ದಾರೆ. ಮೂಲೆಯಲ್ಲಿ ಟಿವಿ, ಅದರಲ್ಲಿ ಸಿಂಪ್ಸನ್ಸ್ ಕಾರ್ಟೂನು. ಚಿತ್ರದಲ್ಲಿ ಅದು ಕಾಣೋದು ನಾಲ್ಕೂವರೆ ಸೆಕೆಂಡು. ಕಾರ್ಟೂನು ಬರೆದವರು ‘ಅಡ್ಡಿಯಿಲ್ಲ’ ಅಂದರು. ಹಕ್ಕಿದ್ದ ಕಂಪನಿ 10,000 ಡಾಲರ್ ಕೇಳಿತು. ಎಲ್ಸ್ ಆ ಟಿವಿಯ ಗಾಜಿನೊಳಗೆ ತಮ್ಮದೇ ಹಳೆಯ ಚಿತ್ರದ ತುಣುಕು ಕೂರಿಸಿದರು. ಸಾಕ್ಷ್ಯಚಿತ್ರದಲ್ಲಿ ಸುಳ್ಳುಸಾಕ್ಷಿ! ಅಮೆರಿಕದ ಕರಿಯರ ಹಕ್ಕಿನ ಹೋರಾಟದ ಬಗ್ಗೆ 1987ರಲ್ಲಿ ಬಂದ ‘ಐಸ್ ಆನ್ ದ ಪ್ರೈಜ್’ ಸರಣಿಯಲ್ಲೂ ಇವರೇ ಇದ್ದರು. ಅದರಲ್ಲಿದ್ದ ಹಳೆಯ ಸುದ್ದಿತುಣುಕು, ಹಾಡುಗಳ ಪರವಾನಗಿ ಮುಗಿದು ಸರಣಿ ವರ್ಷಗಟ್ಟಲೆ ಟಿವಿಯಲ್ಲಿ ಬರಲೇ ಇಲ್ಲ. ಹಣ ಹೊಂದಿಸಿ ಹಕ್ಕು ನವೀಕರಿಸಿ 2006ರಲ್ಲಿ ಮತ್ತೆ ತೋರಿಸಿದರು.

2005ರ ಹೇಳಿಕೆ ನಾಲ್ಕು ಸಂದರ್ಭ ಹಿಡಿದುಕೊಂಡಿತು. ಮಾಧ್ಯಮವನ್ನೇ ವಿಮರ್ಶಿಸುವಾಗ, ಮಾತಿಗೆ ಉದಾಹರಣೆಯಾಗಿ ತೋರಿಸುವಾಗ, ಬೇರೇನೋ ಶೂಟ್ ಮಾಡುವಾಗ ತಾನಾಗಿ ಸಿಕ್ಕಿಕೊಂಡಾಗ, ಚರಿತ್ರೆ ಹೇಳುವಾಗ. ಪ್ರತಿಯೊಂದಕ್ಕೂ ಮಿತಿ ಬರೆದರು. ಅದಾದ ಎರಡೇ ವರ್ಷದಲ್ಲಿ, ಚಿತ್ರದ ಮೇಲೆ ಕೇಸು ಬಿದ್ದರೆ ನಷ್ಟ ಭರಿಸುವ ವಿಮಾ ಕಂಪನಿಗಳೂ ಫೇರ್ ಯೂಸ್ ಒಪ್ಪಿಕೊಳ್ಳೋಕೆ ಶುರುಮಾಡಿದವು.

ಪದಕ್ಕೆ ಬಂದರೆ, ನನ್ನ ಮಟ್ಟಿಗೆ ‘ಫೇರ್ ಯೂಸ್’ ಅಂತಾನೇ ಬಿಡಿ. ಬಸ್ಸು, ಕಾರು ಅನ್ನಲ್ವಾ? ಇನ್ನೊಂದು ತಮಾಷೆ ನೋಡಿ. ಇಷ್ಟು ಹೊತ್ತು ನಾವು ಜಗಳ ಆಡಿದ್ದು ಎರವಲು ಪದಗಳ ಬಗ್ಗೆ, ಫೇರ್ ಯೂಸೂ ಒಂದು ಥರ ಎರವಲೇ.

ಕಾಗುಣಿತ ಮೇಷ್ಟ್ರು, 9.56

ಉಪಮೆ ಚೆನ್ನಾಗಿದೆ. ಪದ ಎಲ್ಲಿ?

ಮಂಡ್ಯದವ, 10.02

ಫೇರ್ ಅಂದ್ರೆ ಇಲ್ಲಿ ಮುಖಕ್ಕೆ ಹಚ್ಚೋ ಕ್ರೀಮು ಸ್ವಾಮಿ. ಇಲ್ಲಾಂದ್ರೆ ಸ್ಕೂಲಿನ ಫೇರ್ ಕಾಪಿ.

ಧಾರವಾಡದ ಅನುವಾದಕಿ, 10.25

ಸನ್ನಿವೇಲಿನವರು ಹೇಳಿದ ಟಿವಿ ನೋಡಿ ನಮ್ಮ ಶಿಬಿರದ ಹುಡುಗಿಯೊಬ್ಬಳ ಚಿತ್ರ ನೆನಪಾಯಿತು. ಬೆಳಗಿನ ಜಾವ 5 ಗಂಟೆ. ಪೌರಕಾರ್ಮಿಕ ಹೆಂಗಸರು ಪೊರಕೆ ಗೋಡೆಗೆ ಒರಗಿಸಿ ಟೀ ಕುಡಿಯುತ್ತಿದ್ದಾರೆ. ಉಳಿದವರಿಗೆಲ್ಲ ಗಾಜಿನ ಲೋಟ, ಇವರಿಗೆ ಮಾತ್ರ ಕಾಗದದ ಕಪ್ಪು. ಇವಳು ಅದನ್ನೇ ಹಿಡಿದಿದ್ದಾಳೆ. ಅಂಗಡಿಯ ರೇಡಿಯೋದಲ್ಲಿ ಹಳೇ ಸಿನಿಮಾ ಹಾಡು, ಹನ್ನೊಂದು ಸೆಕೆಂಡು. ಒಬ್ಬ ಅಜ್ಜಿ ಕಪ್ಪು ಹಿಡಿದೇ ಹಾಡಿಗೆ ತಲೆ ಆಡಿಸುತ್ತಾಳೆ. ಹಿಂದಿನ ಗೋಡೆ ಮೇಲೆ ಬಸವಣ್ಣನ ಚಿತ್ರ. ಹಾಡಿನ ಹಕ್ಕಿರುವವರನ್ನು ಕೇಳಿದ್ದಕ್ಕೆ, ಅವಳ ಇಡೀ ಚಿತ್ರದ ಖರ್ಚಿಗಿಂತ ಜಾಸ್ತಿ ಹೇಳಿದರಂತೆ. ಹಾಡು ಅಳಿಸಿದ್ದಾಳೆ. ಈಗ ಅಜ್ಜಿ ಯಾತಕ್ಕೆ ತಲೆ ಆಡಿಸುತ್ತಿದ್ದಾಳೋ ನೋಡುವವರಿಗೆ ಗೊತ್ತಾಗಲ್ಲ.

ವಕೀಲ ಸರ್, ನಮ್ಮ ಕಾನೂನಿನಲ್ಲಿ ಇದಕ್ಕೆ ದಾರಿ ಇದೆಯಾ?

ಕೋರ್ಟಿನ ಕಡೆಯವ, 10.48

ಬಸವಣ್ಣ ಪಾಸು, ಹಾಡು ಅನುಮಾನ. 52ರಲ್ಲಿ ಒಂದು ಉಪವಿಧಿ ಇದೆ. ಸಾರ್ವಜನಿಕ ಜಾಗದಲ್ಲಿ ಕಾಯಂ ಇರುವ ಕಲಾಕೃತಿ, ಅಥವಾ ಬರೀ ಹಿನ್ನೆಲೆಯಾಗಿ ಬಂದ ಕಲಾಕೃತಿ ಸಿನಿಮಾದಲ್ಲಿ ಕಂಡರೆ ತಪ್ಪಲ್ಲ ಅನ್ನುತ್ತೆ. ಕಲಾಕೃತಿ ಅಂದರೆ ಚಿತ್ರ, ಶಿಲ್ಪ, ಫೋಟೋ, ಕಟ್ಟಡ ಇಂಥವು. ಹಾಡು ಅದರಲ್ಲಿ ಬರಲ್ಲ.

ಹಾಗಂತ ಪೂರ್ತಿ ಬಾಗಿಲು ಮುಚ್ಚಿಲ್ಲ. ನಮ್ಮ ಬೆಂಗಳೂರಿನ ವಸುಂಧರಾ ದಾಸ್ ಟಿವಿ ಕಾರ್ಯಕ್ರಮವೊಂದರಲ್ಲಿ ಕೂತು, ತಾವೇ ಹಾಡಿದ್ದ ಸಿನಿಮಾ ಹಾಡುಗಳ ಸಾಲುಗಳನ್ನು ಹಾಡಿದರು. ಚಾನೆಲ್ ಮೇಲೆ ಕೇಸಾಯಿತು. 2012ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಇಷ್ಟು ಚಿಕ್ಕದನ್ನು ಕಾನೂನು ಲೆಕ್ಕಕ್ಕೇ ತೆಗೆದುಕೊಳ್ಳಲ್ಲ ಅಂತ ಚಾನೆಲ್ ಪರ ಹೇಳಿತು. ಗಮನಿಸಿ, ಅದು ಫೇರ್ ಡೀಲಿಂಗ್ ಹಾದಿ ಅಲ್ಲ, ‘ಚಿಲ್ಲರೆ ವಿಷಯ’ದ ಹಾದಿ. ಹನ್ನೊಂದು ಸೆಕೆಂಡಿಗೆ ನಾನಾದರೆ ಇದನ್ನೇ ಹಿಡಿದು ವಾದಿಸುತ್ತಿದ್ದೆ. ಗೆಲ್ಲುತ್ತೀನಿ ಅಂತ ಬರೆದುಕೊಡಲ್ಲ.

ಇನ್ನೊಂದು. ಹಾಡು ಹಳೇದು ಅಂತ ಸಮಾಧಾನ ಪಡಬೇಡಿ. ಧ್ವನಿಮುದ್ರಣದ ಹಕ್ಕು ಪ್ರಕಟವಾಗಿ 60 ವರ್ಷಕ್ಕೆ ಮುಗಿಯುತ್ತೆ. ಸಾಹಿತ್ಯ, ಸಂಗೀತ ಹಾಗಲ್ಲ. ಬರೆದವರು ಹೋದ ಮೇಲೆ 60 ವರ್ಷ.

ಮಂಡ್ಯದವ, 11.05

ಅಜ್ಜಿ ವಿಷಯ ಓದಿ ಸುಮ್ನೆ ಇರೋಕೆ ಆಗಲಿಲ್ಲ. ಬಿಟ್ಟಿ ಅಂದಿದ್ದು ವಾಪಸ್ ತಗೊಂಡೆ ಮೇಡಂ.

ಇಲ್ಲೇ ನಮ್ಮೂರ ಸೊಸೈಟಿ ಬಾಗಿಲ ಮೇಲೆ ಏನು ಬರೆದಿದೆ? ‘ನ್ಯಾಯಬೆಲೆ ಅಂಗಡಿ’. ಕಾರ್ಡು ಹಿಡಿದು ಕ್ಯೂನಲ್ಲಿ ನಿಂತ ನಮ್ಮಮ್ಮನಿಗೆ ಆ ಪದದ ಅರ್ಥ ಯಾರೂ ಹೇಳಿಕೊಡಲಿಲ್ಲ. ಸಂತೆ ಬೆಲೆ ಅಲ್ಲ, ಧರ್ಮಕ್ಕೂ ಅಲ್ಲ, ಸರ್ಕಾರ ಗೊತ್ತುಮಾಡಿದ ಮಿತಿಯಲ್ಲಿ ನಮಗೆ ಸಲ್ಲಬೇಕಾದ್ದು. ಇಂಗ್ಲಿಷಿನ ಫೇರ್ ಪ್ರೈಸ್ ನಮ್ಮಲ್ಲಿ ನ್ಯಾಯಬೆಲೆ ಆಯಿತಲ್ವಾ? ಹಾಗಾದರೆ ಫೇರ್ ಯೂಸ್ ನ್ಯಾಯಬಳಕೆ. ನ್ಯಾಯ ಸಂಸ್ಕೃತ, ಬೆಲೆ ಕನ್ನಡ. ಇಷ್ಟು ವರ್ಷ ಅಕ್ಕಿ ತಂದಿದ್ದೀವಿ, ಹಾಲೇನೂ ಒಡೆದಿಲ್ಲ ಮೇಷ್ಟ್ರೇ.

ಅಚ್ಚಗನ್ನಡಿಗ, 11.12

‘ಬಳಸು’ ಎಂದರೆ ಸುತ್ತಿಕೊಂಡು ಹೋಗು ಎಂದೂ ಅರ್ತ. ಬಳಸುದಾರಿ. ‘ನ್ಯಾಯಬಳಕೆ’ ಎಂದರೆ ನ್ಯಾಯವನ್ನು ಬಳಸಿಕೊಂಡು ಆಚೆ ಹೋಗುವುದು ಎಂದಾಗುತ್ತದೆ. ಹದಬಳಕೆಯೇ ಮೇಲು.

ಕೋರ್ಟಿನ ಕಡೆಯವ, 11.15

ನಿಮ್ಮ ಹದಬಳಕೆಯಲ್ಲೂ ಅದೇ ‘ಬಳಕೆ’ ಇದೆ.

ಕಾಗುಣಿತ ಮೇಷ್ಟ್ರು, 11.31

ನ್ಯಾಯಬೆಲೆ ತಪ್ಪೇ. ಆದರೆ ರೂಢಿಯಾಗಿದೆ. ಬಿರುದಾವಳಿಗೆ, ಹಿಂದಿನವರು ಬಳಸಿ ಬಂದದ್ದಕ್ಕೆ ವ್ಯಾಕರಣ ಬರೆದ ಕೇಶಿರಾಜನೂ ರಿಯಾಯಿತಿ ಕೊಟ್ಟಿದ್ದಾನೆ. ನ್ಯಾಯಬಳಕೆ ರೂಢಿಯಲ್ಲ.

ಧಾರವಾಡದ ಅನುವಾದಕಿ, 11.40

ಮೇಷ್ಟ್ರೇ, ಒಮ್ಮೆಯೂ ಬರೆಯದೆ ಅದು ರೂಢಿ ಆಗೋದು ಹೇಗೆ? ನಡುವೆ ಜಾಗ ಬಿಟ್ಟು ‘ನ್ಯಾಯ ಬಳಕೆ’ ಅಂತ ಬರೆಯುತ್ತೇನೆ. ಎರಡು ಪದ. ಸಮಾಸವೇ ಅಲ್ಲ ಅಂದುಕೊಳ್ಳಿ.

ಬ್ಯಾನರಿಗೆ ಅದು. ಕೈಪಿಡಿಯಲ್ಲಿ ಅಮೆರಿಕದ ಭಾಗಕ್ಕೂ ಅದೇ. ನಮ್ಮ ಕಾನೂನಿನ ಫೇರ್ ಡೀಲಿಂಗಿಗೆ ವ್ಯವಹಾರ ಬೇಡ, ‘52ರ ವಿನಾಯಿತಿ’ ಅಂತ ಹಾಕುತ್ತೇನೆ. ವಿನಾಯಿತಿ ಅಂದರೆ ಬಸ್ ಪಾಸಿನಿಂದ ಹಿಡಿದು ಎಲ್ಲರಿಗೂ ಗೊತ್ತು: ಇಂಥವರಿಗೆ, ಇಂಥದ್ದಕ್ಕೆ ಮಾತ್ರ. ಪಟ್ಟಿ ಮುಚ್ಚಿದೆ ಅನ್ನೋದೂ ಅದರಲ್ಲೇ ಬಂತು. ವಕೀಲ ಸರ್, ಸರಿಯಾ?

ಕೋರ್ಟಿನ ಕಡೆಯವ, 11.44

52ರಲ್ಲಿ ಬೇರೆ ವಿನಾಯಿತಿಗಳೂ ಬಹಳ ಇವೆ, ಅದನ್ನು ಅಡಿಟಿಪ್ಪಣಿಯಲ್ಲಿ ಹೇಳಿ. ಉಳಿದಂತೆ ನನ್ನ ತಕರಾರಿಲ್ಲ. ತಕರಾರೂ ಅರಬ್ಬಿಯೇ.

ಕಾಗುಣಿತ ಮೇಷ್ಟ್ರು, 11.52

ಜಾಗ ಬಿಟ್ಟ ಮಾತ್ರಕ್ಕೆ ಸಮಾಸ ತಪ್ಪಿಸಿಕೊಳ್ಳಲ್ಲ. ಆದರೂ ಕಣ್ಣಿಗೆ ಕಾಣದ ಹಾಗಾದರೂ ಇರುತ್ತೆ. ಬರೆದುಕೊಳ್ಳಿ.

ಧಾರವಾಡದ ಅನುವಾದಕಿ, ಮರುದಿನ ಮಧ್ಯಾಹ್ನ 1.20

ಎಲ್ಲರಿಗೂ ಥ್ಯಾಂಕ್ಸ್. ಕೈಪಿಡಿ ಸರಿಯಾಗಿ ಬಂದಿದೆ. ಬ್ಯಾನರಿನಲ್ಲಿ ಅಕ್ಷರ ದಪ್ಪ ಮಾಡುವಾಗ ಅಗಲ ಸಾಲಲಿಲ್ಲವಂತೆ. ಪ್ರೆಸ್ಸಿನ ಹುಡುಗ ಎರಡೂ ಪದ ಸೇರಿಸಿ ಅಚ್ಚು ಹಾಕಿಬಿಟ್ಟಿದ್ದಾನೆ.

ಕಾಗುಣಿತ ಮೇಷ್ಟ್ರು, 1.23

ಗೊತ್ತಿತ್ತು.