ಬೆದೆ ಮುಗಿದು ಐದು ವಾರ, ನಾಯಿ ವಿಪರೀತ ನೀರು ಕುಡಿಯುತ್ತಿದೆ: ಪಯೋಮೆಟ್ರಾ (ಗರ್ಭಕೋಶದಲ್ಲಿ ಕೀವು) ಇರಬಹುದಾ?

ಪ್ರಶ್ನೆ: ಲ್ಯಾಬ್ರಡಾರ್, 8 ವರ್ಷ, 28 ಕೆಜಿ, ಸಂತಾನಹರಣ ಆಗಿಲ್ಲ. ದಿನಕ್ಕೆ ಮೂರು ಲೀಟರ್ ನೀರು, ಊಟ ಬೇಡ, ಎರಡು ಸಲ ವಾಂತಿ. ಯೋನಿಯಿಂದ ಸ್ರಾವ ಇಲ್ಲ. ಆಂಟಿಬಯೋಟಿಕ್ ಕೊಟ್ಟು ನೋಡೋಣವಾ?

ಉತ್ತರ 1: ಬೇಡ, ಇವತ್ತೇ ಸ್ಕ್ಯಾನ್ ಮಾಡಿಸಿ. ದಿನಕ್ಕೆ ಕೆಜಿಗೆ 100 ಮಿ.ಲೀ. ದಾಟಿದರೆ ಅದು ಅತಿಯಾದ ಬಾಯಾರಿಕೆಯೇ. ಬೆದೆಯ ನಂತರ ಪ್ರೊಜೆಸ್ಟೆರಾನ್ ಹಾರ್ಮೋನಿನಿಂದ ಗರ್ಭಕೋಶದ ಒಳಪದರ ದಪ್ಪವಾಗಿ ದ್ರವ ತುಂಬುತ್ತದೆ, ಅಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಬೆಳೆದು ಕೀವಾಗುತ್ತದೆ. ಸ್ರಾವ ಇಲ್ಲ ಅಂತ ಸಮಾಧಾನ ಪಡಬೇಡಿ. ಗರ್ಭಕಂಠ ಮುಚ್ಚಿದ್ದರೆ ಕೀವು ಒಳಗೇ ಉಳಿಯುತ್ತದೆ, ಗರ್ಭಕೋಶ ಒಡೆಯಲೂಬಹುದು. ಮಾತ್ರೆ ಮಾತ್ರ ಸಾಲದು. ಡ್ರಿಪ್, ಇಂಜೆಕ್ಷನ್ ಆಂಟಿಬಯೋಟಿಕ್ ಕೊಟ್ಟು ಸ್ಥಿರಗೊಳಿಸಿ, ಗರ್ಭಕೋಶ ಮತ್ತು ಅಂಡಾಶಯ ಎರಡನ್ನೂ ತೆಗೆಯಬೇಕು. ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ಮೊದಲೇ ನೋಡಿಸಿ. ಹೊಟ್ಟೆ ಅಮುಕಿ ನೋಡಬೇಡಿ, ನೀರಿನ ಬಟ್ಟಲು ಎತ್ತಿಡಬೇಡಿ.

ಉತ್ತರ 2: ಮರಿ ಬೇಕೆನ್ನುವವರಿಗೆ ಪ್ರೊಜೆಸ್ಟೆರಾನ್ ತಡೆಯುವ ಅಗ್ಲೆಪ್ರಿಸ್ಟೋನ್ ಇಂಜೆಕ್ಷನ್ ಇದೆ, ಆದರೆ ಸ್ರಾವ ಹೊರಬರುತ್ತಿರುವ, ಗಟ್ಟಿಯಾಗಿರುವ ನಾಯಿಗೆ ಮಾತ್ರ. ಮುಂದಿನ ಬೆದೆಯಲ್ಲಿ ಮರುಕಳಿಸುವುದುಂಟು. ನಿಮ್ಮ ನಾಯಿಗೆ ಆ ಔಷಧಿ ಆಗುವುದಿಲ್ಲ.

ಉತ್ತರ 3: ಬೆಕ್ಕು ಸಾಕುವವರಿಗೂ ಒಂದು ಮಾತು: ಸ್ರಾವವನ್ನು ಅದು ನೆಕ್ಕಿಬಿಡುತ್ತದೆ, ಬಾಯಾರಿಕೆಯೂ ಎದ್ದು ಕಾಣದು. ಹೊಟ್ಟೆ ಊದಿ, ಮಂಕಾಗಿ ಮೂಲೆ ಸೇರಿದರೆ ಸ್ಕ್ಯಾನ್ ಮಾಡಿಸಿ. ಬೆದೆ ತಡೆಯುವ ಪ್ರೊಜೆಸ್ಟಿನ್ ಇಂಜೆಕ್ಷನ್ ಕೊಡಿಸಿದ್ದರೆ ಅಪಾಯ ಇನ್ನೂ ಹೆಚ್ಚು.