ಹಾಲ್‌ನಲ್ಲಿ ನಾಲ್ಕು ರಿಮೋಟ್, ಅತ್ತೆಗೆ ಒಂದೇ ಸಾಕಂತೆ

ಬೆಣ್ಣೆದೋಸೆ:
43 ಇಂಚಿನ ಸ್ಮಾರ್ಟ್ ಟಿವಿ, ಡಿಟಿಎಚ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಸೌಂಡ್‌ಬಾರ್. ಬಾರ್ ಇರುವುದು ಆಪ್ಟಿಕಲ್ ಕೇಬಲ್‌ನಲ್ಲಿ, ಸ್ಟಿಕ್‌ಗೆ ಕರೆಂಟು ಟಿವಿಯ ಯುಎಸ್‌ಬಿಯಿಂದ. ಅತ್ತೆಯವರಿಗೆ ಬೇಕಾದ್ದು ಡಿಟಿಎಚ್ ಮಾತ್ರ, ಆದರೆ ಸೌಂಡ್ ಜಾಸ್ತಿ ಮಾಡೋಕೆ ಇನ್ನೊಂದು ರಿಮೋಟ್ ಹುಡುಕಬೇಕು. ಸ್ಟಿಕ್ ಆಗಾಗ ತಾನಾಗೇ ರೀಸ್ಟಾರ್ಟ್ ಆಗುತ್ತೆ. ಮಾತು ತುಟಿಗಿಂತ ಹಿಂದೆ ಬೀಳುತ್ತೆ. ಯೂನಿವರ್ಸಲ್ ರಿಮೋಟ್ ತಗೊಂಡರೆ ಸರಿಹೋಗುತ್ತಾ?

ವೈರಿಂಗ್‌ಭಟ್ಟ:
ಸದ್ಯಕ್ಕೆ ರಿಮೋಟ್‌ಗೆ ದುಡ್ಡು ಹಾಕಬೇಡಿ. ತೊಂದರೆ ಇರುವುದು ಕೇಬಲ್‌ನಲ್ಲಿ. ಆಪ್ಟಿಕಲ್ ಕೇಬಲ್ ಸೌಂಡ್ ಮಾತ್ರ ಒಯ್ಯುತ್ತೆ, ವಾಲ್ಯೂಮ್ ಆದೇಶ ಒಯ್ಯಲ್ಲ. ಅದಕ್ಕೇ ಬಾರ್‌ಗೆ ಬೇರೆ ರಿಮೋಟ್ ಬೇಕಾಗಿರೋದು.

ಟಿವಿ ಹಿಂದೆ ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಒಂದರ ಪಕ್ಕ ಮಾತ್ರ ಎಆರ್‌ಸಿ (ಟಿವಿಯ ಸೌಂಡನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಬಾರ್‌ಗೆ ಕಳಿಸುವ ದಾರಿ) ಅಂತ ಬರೆದಿರುತ್ತೆ. ಅದನ್ನು ಬಾರ್‌ಗೇ ಮೀಸಲಿಡಿ. ಬಾರ್ ಕಡೆಯೂ ಎಆರ್‌ಸಿ ಎಂದಿರುವ ಪೋರ್ಟ್‌ಗೇ ಸಿಗಿಸಿ. ಬಾಕ್ಸ್, ಸ್ಟಿಕ್ ಎರಡೂ ಉಳಿದ ಪೋರ್ಟ್‌ಗಳಿಗೆ. ಆಮೇಲೆ ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ, ಅಂದರೆ ಎಚ್‌ಡಿಎಂಐ ಮೂಲಕ ಒಂದು ಸಾಧನ ಇನ್ನೊಂದಕ್ಕೆ ಆದೇಶ ಕೊಡುವ ವ್ಯವಸ್ಥೆ, ಆನ್ ಮಾಡಿ. ಆ ಹೆಸರಿನಲ್ಲಿ ಹುಡುಕಿದರೆ ಸಿಗದೇ ಇರಬಹುದು: ಸ್ಯಾಮ್‌ಸಂಗ್‌ನಲ್ಲಿ ಅದು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಈಗ ಟಿವಿ ರಿಮೋಟ್‌ನ ವಾಲ್ಯೂಮ್ ಗುಂಡಿಯೇ ಬಾರ್ ನಡೆಸುತ್ತೆ, ಟಿವಿ ಆರಿಸಿದರೆ ಬಾರೂ ಆರುತ್ತೆ. ಒಂದು ದಿನ ಕೇಳಿ ಮರುದಿನ ಕೇಳದಿದ್ದರೆ ಎಲ್ಲದರ ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು, ಮೊದಲು ಟಿವಿ, ಆಮೇಲೆ ಬಾರ್ ಹಾಕಿ.

ಮಾತು ಹಿಂದೆ ಬೀಳೋದಕ್ಕೆ: ಟಿವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ ಪಿಸಿಎಂಗೆ (ಕುಗ್ಗಿಸದ ಸಾದಾ ಸೌಂಡ್) ಇಡಿ, ಆಡಿಯೋ ಡಿಲೇ ಸೊನ್ನೆಗೆ ಇಳಿಸಿ. ಡಿಲೇ ಹೆಚ್ಚಿಸಿದರೆ ಮಾತು ಇನ್ನೂ ತಡವಾಗುತ್ತೆ. ಆ ಸೆಟ್ಟಿಂಗ್ ಇರೋದು ಮಾತು ಚಿತ್ರಕ್ಕಿಂತ ಮೊದಲು ಬಂದಾಗ. ಎಷ್ಟೋ ಜನ ಇಲ್ಲೇ ಉಲ್ಟಾ ಮಾಡ್ತಾರೆ.

ಸ್ಟಿಕ್ ರೀಸ್ಟಾರ್ಟ್‌ಗೆ ಯುಎಸ್‌ಬಿಯೇ ಕಾರಣ ಇರಬೇಕು. ಟಿವಿಯ ಯುಎಸ್‌ಬಿ 2.0 ಪೋರ್ಟ್ ಕೊಡೋದು ಅರ್ಧ ಆಂಪಿಯರ್, ಸ್ಟಿಕ್ ಕೇಳೋದು 5 ವೋಲ್ಟ್, 1 ಆಂಪಿಯರ್. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ.

ಬೆಣ್ಣೆದೋಸೆ:
ಸ್ಟಿಕ್, ವಾಲ್ಯೂಮ್ ಎರಡೂ ಸರಿಯಾದವು, ಥ್ಯಾಂಕ್ಸ್ ಭಟ್ರೇ. ಆದರೆ ಅತ್ತೆ ಕೈಯಲ್ಲಿರೋದು ಡಿಟಿಎಚ್ ರಿಮೋಟ್. ಅದಕ್ಕೆ ಟಿವಿ ವಾಲ್ಯೂಮ್ ಕಲಿಸೋಕೆ ಹೋದರೆ ಪವರ್ ಮಾತ್ರ ಕಲೀತು.

ಕೆಂಪುದೀಪ:
ನಿಮ್ಮ ಟಿವಿ ರಿಮೋಟ್ ಬ್ಲೂಟೂತ್‌ದು. ಪವರ್ ಗುಂಡಿ ಇನ್‌ಫ್ರಾರೆಡ್ ಬಿಡುತ್ತೆ, ವಾಲ್ಯೂಮ್ ಬ್ಲೂಟೂತ್‌ನಲ್ಲಿ ಹೋಗುತ್ತೆ. ಡಿಟಿಎಚ್ ರಿಮೋಟ್‌ಗೆ ಬ್ಲೂಟೂತ್ ಕಾಣಿಸಲ್ಲ. ಫೋನಿನ ಸೆಲ್ಫಿ ಕ್ಯಾಮೆರಾ ಮುಂದೆ ರಿಮೋಟ್ ಮೂತಿ ಹಿಡಿದು ಗುಂಡಿ ಒತ್ತಿ ನೋಡಿ: ಪವರ್‌ಗೆ ನೇರಳೆ ಚುಕ್ಕೆ ಮಿನುಗುತ್ತೆ, ವಾಲ್ಯೂಮ್‌ಗೆ ಮಿನುಗಲ್ಲ.

ಟಿವಿಯ ಬ್ಲೂಟೂತ್ ಪಟ್ಟಿಯಿಂದ ರಿಮೋಟನ್ನು ಅನ್‌ಪೇರ್ ಮಾಡಿ. ಹಲವು ಮಾಡೆಲ್‌ಗಳಲ್ಲಿ ಆಗ ವಾಲ್ಯೂಮ್ ಕೂಡ ಇನ್‌ಫ್ರಾರೆಡ್‌ಗೆ ಬರುತ್ತೆ. ಚುಕ್ಕೆ ಕಂಡ ಮೇಲೆ ಎರಡು ರಿಮೋಟ್‌ಗಳನ್ನೂ ಟೇಬಲ್ ಮೇಲೆ ಮೂತಿಗೆ ಮೂತಿ, ಎರಡು ಬೆರಳಿನಷ್ಟು ಅಂತರದಲ್ಲಿಟ್ಟು ಕಲಿಸಿ. ಟ್ಯೂಬ್‌ಲೈಟ್ ಆರಿಸಿ, ಸೆಲ್ ಹೊಸದಿರಲಿ. ಕಲಿಸಬೇಕಾದ್ದು ನಾಲ್ಕೇ: ಪವರ್, ಸೋರ್ಸ್, ವಾಲ್ಯೂಮ್ ಪ್ಲಸ್, ಮೈನಸ್. ಮುಗಿದ ಮೇಲೆ ಮತ್ತೆ ಪೇರ್ ಮಾಡಿಕೊಳ್ಳಿ. ಇಷ್ಟಾದರೂ ಮಿನುಗದಿದ್ದರೆ ಅದೇ ಟಿವಿಯ ಹಳೇ ಮಾದರಿ ಇನ್‌ಫ್ರಾರೆಡ್ ರಿಮೋಟ್ ತಂದು ಕಲಿಸಿ.

ಇನ್ನೊಂದು ವಿಷಯ, ಡಿಟಿಎಚ್ ಬಾಕ್ಸ್‌ನಲ್ಲೇ ಬೇರೆ ವಾಲ್ಯೂಮ್ ಇರುತ್ತೆ. ಅದನ್ನು ಮೇಲಕ್ಕಿಟ್ಟು ಬಿಡಿ. ಎರಡನ್ನೂ ಏರಿಸಿ ಇಳಿಸುತ್ತಾ ಕೂತರೆ ಜಾಹೀರಾತು ಬಂದಾಗ ಮನೆ ಹಾರಿಹೋಗುತ್ತೆ.

ಮಳೆಗಾಲ:
ಒಂದು ಮಾತು ಸೇರಿಸ್ತೀನಿ. ಗುಡುಗು ಶುರುವಾದ ಮೇಲೆ ಅಲ್ಲ, ಮೋಡ ಕಟ್ಟಿದಾಗಲೇ ಪ್ಲಗ್ ಜೊತೆ ಡಿಶ್ ಛತ್ರಿಯಿಂದ ಬರುವ ಕೇಬಲನ್ನೂ ಬಾಕ್ಸ್‌ನಿಂದ ತಿರುಗಿಸಿ ತೆಗೀರಿ. ಸ್ಪೈಕ್ ಗಾರ್ಡ್ ಕಾಯೋದು ಕರೆಂಟ್ ಲೈನನ್ನು. ಸಿಡಿಲಿನ ಹೊಡೆತ ತಾರಸಿ ಕೇಬಲ್‌ನಿಂದ ಬಾಕ್ಸ್‌ಗೆ ಇಳಿದು, ಎಚ್‌ಡಿಎಂಐ ಮೂಲಕ ಟಿವಿಯ ಬೋರ್ಡ್‌ಗೇ ನುಗ್ಗುತ್ತೆ. ಬರೀ ಆ ಒಂದು ಎಚ್‌ಡಿಎಂಐ ಪೋರ್ಟ್ ಸತ್ತು, ಉಳಿದದ್ದೆಲ್ಲ ಸರಿ ಇರುವ ಟಿವಿಗಳು ರಿಪೇರಿಗೆ ಬರೋದು ಹೀಗೇ.